ಸಂಜೆಯ ಬೇಕರಿ ತೊಟ್ಟೆ ಯಾರಿಗಾಗಿ?

ಅಸರ್ ನಮಾಝ್ ಮುಗಿಸಿ ಪೇಟೆ ಕಡೆ ಹೋದ ಗಂಡಸರು ಮಗ್ರಿಬ್‌ಗೆ ಮೊದಲು ಮನೆಗೆ ಮರಳುವಾಗ ಕೈಯಲ್ಲಿ ಒಂದು ತೊಟ್ಟೆ ಇದ್ದೇ ಇರುತ್ತದೆ. ನಾಲ್ಕು ಸಮೋಸ, ಎರಡು ಪಫ್ಸ್, ಕಾಲು ಕಿಲೋ ನೇಂದ್ರ ಚಿಪ್ಸ್, ಮಕ್ಕಳಿಗೆ ಕ್ರೀಮ್ ಬನ್. ಬರಿಗೈಯಲ್ಲಿ ಮನೆ ಹತ್ತಬಾರದು ಎಂಬುದು ನಮ್ಮ ಕಡೆಯ ರೂಢಿ. ನಮ್ಮ ಉಪ್ಪಂದಿರೂ ಹಾಗೆಯೇ ಬರುತ್ತಿದ್ದರು. ಅವರ ಕೈಯಲ್ಲಿ ಕಾಗದದ ಪೊಟ್ಟಣದಲ್ಲಿ ನೆಲಗಡಲೆ ಇರುತ್ತಿತ್ತು, ಅದೂ ವಾರಕ್ಕೊಮ್ಮೆ. ನಮ್ಮ ಕೈಯ ತೊಟ್ಟೆ ದಿನಾಲೂ ಬರುತ್ತದೆ. ಅದು ಪ್ರೀತಿಯ ತೊಟ್ಟೆ, ಅದರಲ್ಲಿ ಸಂಶಯವಿಲ್ಲ. ಆದರೂ ಅದರ ಬಗ್ಗೆ ನಾಲ್ಕು ಮಾತು ಹೇಳಲಿಕ್ಕುಂಟು.

ನಾವು ಎಂದರೆ ಇಲ್ಲಿ, ಎಷ್ಟು ತಿಂದರೂ ಮೈಗೆ ಹತ್ತದ ಗಂಡಸರು. ಮದುವೆಗೆ ಹೊಲಿಸಿದ ಅಂಗಿ ಇವತ್ತಿಗೂ ಸರಿಯಾಗುವವರು. ಅದರಲ್ಲೂ ನಾವು ಮದ್ರಸದಲ್ಲಿ ಕಲಿಸುವವರು. ಎಷ್ಟೋ ವರ್ಷ ಜಮಾಅತಿನ ಮನೆಗಳ ಸರದಿಯ ಊಟ ಉಂಡವರು. ಉಸ್ತಾದರು ಬರುತ್ತಾರೆಂದರೆ ಆ ಮನೆಯಲ್ಲಿ ಅಂದು ಗೀರೈಸೇ, ಕೋಳಿಯೇ, ಮೇಲೆ ಸಿಹಿಯೇ. ಅಷ್ಟೆಲ್ಲ ಉಂಡೂ ಕಡ್ಡಿಯಂತೆಯೇ ಉಳಿದೆವು. "ಉಸ್ತಾದ್, ನೀವು ತಿಂದದ್ದು ಎಲ್ಲಿಗೆ ಹೋಗ್ತದೆ?" ಎಂದು ಜನ ಕೇಳುವಾಗ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು ಎಂದು ಒಪ್ಪಿಕೊಳ್ಳಬೇಕು.

ಆ ಹೆಮ್ಮೆಗೆ ಮನೆಯೊಳಗೆ ಬೆಲೆ ಕೊಟ್ಟವಳು ನಮ್ಮ ಮನೆಯಾಕೆ. ಇದನ್ನು ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. ಕಳೆದ ವರ್ಷ ಡಾಕ್ಟರು ಅವಳ ರಕ್ತ ಪರೀಕ್ಷೆಯ ಚೀಟಿ ನೋಡಿ, ಶುಗರ್ ಬರುವ ಹೊಸ್ತಿಲಲ್ಲಿ ಉಂಟು, ಆರು ಕಿಲೋ ಇಳಿಸಿದರೆ ತಡೆಯಬಹುದು ಎಂದರು. ಬೇರೆ ಯಾರಿಗಾದರೂ ಇದು ಸಣ್ಣ ಸುದ್ದಿ. ಅವಳಿಗಲ್ಲ. ಅವಳ ಉಮ್ಮನಿಗೆ ಶುಗರ್‌ನಿಂದಲೇ ಕಿಡ್ನಿ ಹೋಗಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಗ್ಗಿನ ಬಸ್ಸಿನಲ್ಲಿ ಉಮ್ಮನನ್ನು ಕೂರಿಸಿಕೊಂಡು ಹೋಗಿ, ನಾಲ್ಕು ಗಂಟೆ ಆಸ್ಪತ್ರೆಯ ಬೆಂಚಿನಲ್ಲಿ ಕಾದು, ಸೋತ ಉಮ್ಮನನ್ನು ವಾಪಸು ಕರೆತರುವವಳು ಇವಳೇ. ಆ ಚೀಟಿಯಲ್ಲಿ ಅವಳಿಗೆ ಕಂಡದ್ದು ಅದೇ ಬೆಂಚು.

ಅಂದಿನಿಂದ ಚಾಕ್ಕೆ ಸಕ್ಕರೆ ಬಿಟ್ಟಳು. ರಾತ್ರಿ ಅನ್ನ ಕಡಿಮೆ ಮಾಡಿದಳು. ಹೆಸರುಕಾಳು, ಬಸಳೆ, ಬೂತಾಯಿ ಸಾರು ಎಂದು ಬಟ್ಟಲು ಬದಲಾಯಿತು. ಬೆಳಗ್ಗೆ ಮಕ್ಕಳು ಹೋದ ಮೇಲೆ ಅಂಗಳದಲ್ಲೇ ಅರ್ಧ ಗಂಟೆ ನಡೆದಳು. ಹೊತ್ತು ಐದಾಗುವವರೆಗೆ ಎಲ್ಲವೂ ಸರಿ. ಐದಕ್ಕೆ ನಾವು ತೊಟ್ಟೆ ಹಿಡಿದು ಬರುತ್ತಿದ್ದೆವು. ಬಿಸಿ ಸಮೋಸದ ಪರಿಮಳ ಅಡಿಗೆಮನೆಯವರೆಗೂ ಹೋಗುತ್ತಿತ್ತು. ಅವಳು ಬೇಡ ಎಂದರೆ ನಾವು ನಕ್ಕು, "ಒಂದು ತಿಂದರೆ ಎಂತ ಆಗ್ತದೆ ಮಾರಾಯ್ತಿ?" ಎನ್ನುತ್ತಿದ್ದೆವು. ಕೆಲವು ದಿನ ಅವಳು ತಿನ್ನಲಿಲ್ಲ. ಕೆಲವು ದಿನ ಒಂದು ತಿಂದಳು. ಮತ್ತೆ ಕೆಲವು ದಿನ ಮಕ್ಕಳು ಬಿಟ್ಟದ್ದನ್ನೂ ಸೇರಿಸಿ ಮೂರು ತಿಂದು ರಾತ್ರಿ ಸಪ್ಪೆ ಮುಖ ಮಾಡಿ ಕೂತಳು. ಮೂರು ತಿಂಗಳ ನಂತರ ತಕ್ಕಡಿಯಲ್ಲಿ ನಿಂತರೆ ಇಳಿದದ್ದು ಅರ್ಧ ಕಿಲೋ. ಆಗ ನಾವು ಹೇಳಿದ್ದೇನು? "ನಿನಗೆ ಮನಸ್ಸು ಗಟ್ಟಿ ಇಲ್ಲ."

ಅವಳು ಜಗಳ ಮಾಡಲಿಲ್ಲ. ಇಷ್ಟೇ ಹೇಳಿದಳು: "ನಾನು ಬೇಡ ಅಂತ ಹೇಳುವುದು ದಿನಕ್ಕೆ ಒಮ್ಮೆ ಅಂತ ನೀವು ಎಣಿಸಿದ್ದೀರಿ. ತೊಟ್ಟೆ ಮೇಜಿನ ಮೇಲೆ ಇರುವಷ್ಟು ಹೊತ್ತೂ ನನಗೆ ಹೇಳ್ತಾ ಇರ್ಬೇಕು. ಅಡಿಗೆಮನೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನೀವು ಅಂಗಡಿಯಲ್ಲಿ ಒಂದೇ ಒಂದು ಸಲ ಬೇಡ ಅಂದಿದ್ರೆ ಸಾಕಿತ್ತು."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇವತ್ತೂ ಇಲ್ಲ. ಈ ಲೇಖನಕ್ಕೆ ಕಾರಣವೇ ಆ ಮಾತು.

ನಮ್ಮ ಮೊದಲ ತಪ್ಪು ಏನೆಂದರೆ, ಇಬ್ಬರ ದೇಹಕ್ಕೂ ಒಂದೇ ಲೆಕ್ಕ ಎಂದುಕೊಂಡದ್ದು. ಒಂದೇ ಬಟ್ಟಲು, ಒಂದೇ ಊಟ, ನಾನು ದಪ್ಪ ಆಗಲಿಲ್ಲ, ನೀನು ಆದೆ, ಹಾಗಾದರೆ ತಪ್ಪು ನಿನ್ನದು ಎಂಬ ವಾದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ನೋಡಿ. ಹೆಚ್ಚು ಮೈಮುರಿಯುವ ಕೆಲಸವಿಲ್ಲದ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಬೇಕು. ಅಂಥದ್ದೇ ಜೀವನದ 55 ಕಿಲೋ ತೂಕದ ಹೆಂಗಸಿಗೆ 1,660 ಸಾಕು. ವ್ಯತ್ಯಾಸ 450. ಒಂದು ದೊಡ್ಡ ಸಮೋಸದಲ್ಲಿ ಇನ್ನೂರೈವತ್ತರ ಹತ್ತಿರ ಕ್ಯಾಲೊರಿ ಇರುತ್ತದೆ. ಅಂದರೆ ಗಂಡನ ದೇಹಕ್ಕೆ ಹೆಚ್ಚು ಕಡಿಮೆ ಎರಡು ಸಮೋಸದ ಜಾಗ ಹುಟ್ಟಿನಿಂದಲೇ ಹೆಚ್ಚಿಗೆ ಉಂಟು. ನಾಲ್ಕು ಸಮೋಸ ತಂದು ಎರಡೆರಡು ಪಾಲು ಮಾಡಿದರೆ ಕಣ್ಣಿಗೆ ಸಮ, ದೇಹದ ಲೆಕ್ಕದಲ್ಲಿ ಸಮ ಅಲ್ಲ.

ಗಂಡಸು ಗಂಡಸರ ನಡುವೆಯೂ ಒಂದೇ ಲೆಕ್ಕ ಇಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 1999ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 16 ಮಂದಿಗೆ ಎಂಟು ವಾರ, ಅವರವರಿಗೆ ಬೇಕಾದದ್ದಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಕೊನೆಗೆ ನೋಡಿದರೆ ಒಬ್ಬರ ಮೈಯಲ್ಲಿ ಸೇರಿದ ಕೊಬ್ಬು ಅರ್ಧ ಕಿಲೋ ಕೂಡ ಇಲ್ಲ, ಇನ್ನೊಬ್ಬರಲ್ಲಿ ನಾಲ್ಕು ಕಿಲೋಗೂ ಮೇಲೆ. ದಪ್ಪ ಆಗದವರು ವ್ಯಾಯಾಮ ಮಾಡಿದವರಲ್ಲ. ಅವರ ದೇಹ ತನ್ನಷ್ಟಕ್ಕೇ ಹೆಚ್ಚು ಅಲ್ಲಾಡುತ್ತಿತ್ತು. ನಿಲ್ಲುವುದು, ಅತ್ತಿತ್ತ ನಡೆಯುವುದು, ಕೂತಲ್ಲೇ ಕಾಲು ಕುಣಿಸುವುದು, ಹೀಗೆ. ಅದಕ್ಕೆ ಅವರು ಪಟ್ಟ ಶ್ರಮ ಏನೂ ಇಲ್ಲ. ಅವಳಿ ಜವಳಿಗಳ ಮೇಲೆ 1990ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೆಚ್ಚಿಗೆ ತಿಂದಾಗ ಒಂದೇ ಜೋಡಿಯ ಇಬ್ಬರು ಹೆಚ್ಚು ಕಡಿಮೆ ಒಂದೇ ರೀತಿ ದಪ್ಪ ಆದರು, ಜೋಡಿ ಜೋಡಿಗಳ ನಡುವೆ ಮಾತ್ರ ಬಹಳ ವ್ಯತ್ಯಾಸ ಕಂಡಿತು. ಅಂದರೆ ಇದರಲ್ಲಿ ದೊಡ್ಡ ಪಾಲು ಹುಟ್ಟಿನಿಂದ ಬಂದದ್ದು. ನಾವು ಗಳಿಸದೆ ಪಡೆದದ್ದನ್ನು ನಮ್ಮ ಶಿಸ್ತು ಎಂದು ಹೇಳಿಕೊಳ್ಳುವುದು ಸರಿಯಲ್ಲ. ಅವಳಿಗೆ ಸಿಗದೆ ಹೋದದ್ದನ್ನು ಅವಳ ದೋಷ ಎನ್ನುವುದಂತೂ ಅನ್ಯಾಯ.

ಇನ್ನೊಂದು ವಿಷಯವೂ ಉಂಟು. ನಮ್ಮ ಮನೆಯಲ್ಲಿ ಒಂದು ವಾರ ಸುಮ್ಮನೆ ಗಮನಿಸಿದೆವು. ನಾವು ಬೆಳಗ್ಗೆ ಬರೀ ಚಾ ಕುಡಿದು ಮದ್ರಸಕ್ಕೆ ನಡೆದು ಹೋಗುತ್ತೇವೆ. ಎರಡು ಗಂಟೆ ನಿಂತೇ ಪಾಠ. ಸಂಜೆ ಸಮೋಸ ತಿಂದ ದಿನ ರಾತ್ರಿ ಹಸಿವಿಲ್ಲವೆಂದು ಎರಡು ನೀರುದೋಸೆಗೆ ಏಳುತ್ತೇವೆ. ಇದನ್ನು ಯಾರೂ ನೋಡುವುದಿಲ್ಲ, ಸಂಜೆಯ ಸಮೋಸ ಮಾತ್ರ ಕಾಣುತ್ತದೆ. ಅವಳದ್ದು ತಿರುಗಿಸಿ ನೋಡಿ. ಅಡಿಗೆ ಮಾಡುವಾಗ ಉಪ್ಪು ಹುಳಿ ನೋಡಿದ್ದು, ಮಕ್ಕಳು ಬಟ್ಟಲಲ್ಲಿ ಬಿಟ್ಟದ್ದು, ಎಸೆಯಬಾರದೆಂದು ಬೆಳಗ್ಗೆ ಬಿಸಿ ಮಾಡಿ ತಿಂದ ನಿನ್ನೆಯ ಗೀರೈಸು. ಅನ್ನ ಹಾಳು ಮಾಡಬಾರದು ಎಂದು ನಾವು ಮದ್ರಸದಲ್ಲಿ ಕಲಿಸುತ್ತೇವೆ. ಮನೆಯಲ್ಲಿ ಆ ಪಾಠವನ್ನು ಪಾಲಿಸುವ ಹೊಣೆ ಉಮ್ಮಂದಿರ ಹೊಟ್ಟೆಯ ಮೇಲೆ ಬಿದ್ದಿದೆ. ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುವುದಕ್ಕಿಂತ ಮೊದಲೇ ಕಡಿಮೆ ಬೇಯಿಸುವುದು ಒಳ್ಳೆಯದಲ್ಲವೇ?

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ತೆಳ್ಳಗೆ ಇದ್ದೇವೆ, ಹಾಗಾಗಿ ನಮಗೇನೂ ಆಗುವುದಿಲ್ಲ ಎಂಬ ನಂಬಿಕೆ. ಕಳೆದ ಚಳಿಗಾಲದಲ್ಲಿ ಮಸೀದಿ ಅಂಗಳದಲ್ಲಿ ಉಚಿತ ತಪಾಸಣಾ ಶಿಬಿರ ಇತ್ತು. ಬೇರೆಯವರನ್ನು ಕರೆಯುವ ಜವಾಬ್ದಾರಿ ನಮಗಿದ್ದುದರಿಂದ, ಮಾದರಿಗೆ ಎಂದು ಖಾಲಿ ಹೊಟ್ಟೆಯಲ್ಲಿ ಮೊದಲು ನಾವೇ ಬೆರಳು ಕೊಟ್ಟೆವು. ಬಂದದ್ದು 112. ನೂರಕ್ಕಿಂತ ಕೆಳಗೆ ಇರಬೇಕಿತ್ತು, 126 ದಾಟಿದರೆ ಶುಗರ್. ಪರೀಕ್ಷೆ ಮಾಡಿದ ಹುಡುಗಿ, "ಉಸ್ತಾದ್, ನೀವೂ ಹೊಸ್ತಿಲಲ್ಲೇ ಇದ್ದೀರಿ, ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿಸಿ" ಎಂದಳು. ಲ್ಯಾಬಿನಲ್ಲೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಹೊಸ್ತಿಲಲ್ಲಿ ನಿಂತಿದ್ದೆವು. ಅವಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಇದು ಹೇಗೆ ಎಂಬುದಕ್ಕೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಒಂದು ಫೋಟೋದ ಕಥೆ ಕೇಳಬೇಕು. ಅವರೂ ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಫೋಟೋ 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಲೆಕ್ಕ ಇಬ್ಬರದ್ದೂ ಒಂದೇ, 22.3. ನೋಡಲು ಇಬ್ಬರೂ ಸಪೂರ. ಆದರೆ ಯಂತ್ರದಲ್ಲಿ ಅಳೆದಾಗ ಇಂಗ್ಲೆಂಡಿನವರ ಮೈಯಲ್ಲಿ ಕೊಬ್ಬು ಶೇ. 9.1, ನಮ್ಮ ಪುಣೆಯವರ ಮೈಯಲ್ಲಿ ಶೇ. 21.2. ಭಾರತೀಯರ ದೇಹ ಹೊರಗೆ ತೆಳ್ಳಗೆ ಕಂಡರೂ ಒಳಗೆ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸಿಕೊಳ್ಳುತ್ತದೆ ಎಂಬುದು ಇದರ ಸಾರ. ಅದಕ್ಕೇ ನಮ್ಮ ಡಾಕ್ಟರುಗಳು ತಕ್ಕಡಿಯ ಜೊತೆ ಟೇಪನ್ನೂ ನಂಬುತ್ತಾರೆ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಪ್ಯಾಂಟು ಹಾಕುವವರಿಗೆ ಬೆಲ್ಟಿನ ತೂತಾದರೂ ಲೆಕ್ಕ ಹೇಳುತ್ತದೆ. ಮುಂಡು ಉಡುವ ನಮಗೆ ಅದೂ ಇಲ್ಲ, ಹೊಟ್ಟೆ ಎಷ್ಟು ಬಂದರೂ ಮುಂಡು ಸುತ್ತು ಬರುತ್ತದೆ. ಟೇಪು ಹಿಡಿದಾಗ ನಮ್ಮದು 91 ಬಂತು.

ನಾವೊಬ್ಬರೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಹೊಸ್ತಿಲಲ್ಲಿ ಇರುವವರ ಸಂಖ್ಯೆಯೇ ದೊಡ್ಡದು. ಅಲ್ಲಿಂದ ಹಿಂದಕ್ಕೆ ಬರಲು ಇನ್ನೂ ದಾರಿ ಉಂಟು ಎಂಬುದೇ ಸಮಾಧಾನ.

ಸಕ್ಕರೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ದಿನಕ್ಕೆ 25 ಗ್ರಾಂ, ಅಂದರೆ ಆರು ಟೀ ಚಮಚದೊಳಗೆ ನಿಲ್ಲಿಸಿದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡೆರಡು ಚಮಚ ಹಾಕಿದ ಮೂರು ಚಾ ಕುಡಿದಲ್ಲಿಗೆ ಲೆಕ್ಕ ಮುಗಿಯಿತು. ಬಿಸ್ಕೆಟು, ಕ್ರೀಮ್ ಬನ್, ಗಲ್ಫಿನಿಂದ ಬಂದ ಚಾಕಲೇಟು, ನೆಂಟರು ಬಂದಾಗ ಕಲಸುವ ಟ್ಯಾಂಗ್, ಇವೆಲ್ಲ ಆಮೇಲಿನ ಸಾಲ. ಆ ಸಾಲ ತೆಳ್ಳಗಿನವರ ಖಾತೆಗೂ ಬೀಳುತ್ತದೆ, ದಪ್ಪಗಿನವರ ಖಾತೆಗೂ ಬೀಳುತ್ತದೆ. ದಪ್ಪಗಿನವರದ್ದು ಹೊರಗೆ ಕಾಣುತ್ತದೆ ಅಂತ ಮಾತು ಅವರಿಗೆ ಮಾತ್ರ.

ಹಾಗಾದರೆ ಒಬ್ಬರಿಗಾಗಿ ಮನೆಮಂದಿಯೆಲ್ಲ ಪಥ್ಯ ಮಾಡಬೇಕೇ ಎಂದು ಕೇಳಬಹುದು. ನಮ್ಮಲ್ಲೂ ಈ ಪ್ರಶ್ನೆ ಬಂತು. ಬೇಡ. ಸಮೋಸ ಹರಾಮಲ್ಲ. ತಿನ್ನಬೇಕೆನಿಸಿದರೆ ಪೇಟೆಯಲ್ಲೇ ಕೂತು ಒಂದು ತಿಂದು ಬರಬಹುದು. ಕದ್ದು ತಿನ್ನುವ ಅಗತ್ಯವೂ ಇಲ್ಲ, ಹೇಳಿಯೇ ತಿನ್ನಬಹುದು. ಮನೆಗೆ ತರುವುದಾದರೆ ವಾರಕ್ಕೊಂದು ದಿನ, ತಲೆಗೆ ಒಂದರಂತೆ, ಅಂದೇ ಮುಗಿಯುವಷ್ಟು. ಕಿಲೋ ಲೆಕ್ಕದಲ್ಲಿ ಮಿಕ್ಸ್ಚರ್ ತಂದು ಡಬ್ಬ ತುಂಬಿಸಿ ಕಣ್ಣೆದುರು ಇಡುವುದು ಬೇಡ. ನಮ್ಮ ಮನೆಯ ಮೇಜಿನ ಮೇಲೆ ಚಿಪ್ಸಿನ ಡಬ್ಬ ಇದ್ದಲ್ಲಿ ಈಗ ಪೇರಳೆ, ಮುಳ್ಳುಸೌತೆ, ಒಂದು ಬಟ್ಟಲು ಹುರಿದ ನೆಲಗಡಲೆ ಉಂಟು. ನೆಲಗಡಲೆಯಲ್ಲೂ ಎಣ್ಣೆ ಉಂಟು, ಹಾಗಾಗಿ ಹಿಡಿಯಷ್ಟು ಮಾತ್ರ. ಮಕ್ಕಳು ಮೊದಲ ವಾರ ಮುಖ ಊದಿಸಿದರು. ಎರಡನೆಯ ವಾರ ಪೇರಳೆಗೆ ಉಪ್ಪು ಮೆಣಸು ಹಚ್ಚಿ ಅವರೇ ತಿನ್ನಲು ಕಲಿತರು.

ಇನ್ನೊಂದು ಎಚ್ಚರ ಬೇಕು. ಹೆಂಡತಿಗೆ ಸಹಾಯ ಮಾಡುವುದೆಂದರೆ ಅವಳ ಬಟ್ಟಲಿನ ಪೊಲೀಸ್ ಆಗುವುದಲ್ಲ. "ಇದು ನಿನಗೆ ಆಗ್ತದಾ?", "ಡಾಕ್ಟರು ಬೇಡ ಅಂದದ್ದಲ್ವಾ?" ಎಂದು ನಾಲ್ಕು ಜನರೆದುರು ಕೇಳುವುದು ಸಹಾಯವಲ್ಲ, ಮರ್ಯಾದೆ ತೆಗೆಯುವುದು. ಮದುವೆ ಮನೆಯಲ್ಲಿ ಎದುರು ಸಿಕ್ಕ ಹೆಂಗಸಿಗೆ "ಎಂತ, ದಪ್ಪ ಆಗಿದ್ದಿ?" ಎಂದು ಕೇಳುವ ನಮ್ಮ ಚಾಳಿಯೂ ನಿಲ್ಲಬೇಕು. ಅವಳಿಗೆ ಹೆರಿಗೆಯ ನಂತರದ ದೇಹ ಇರಬಹುದು, ಥೈರಾಯ್ಡ್ ಇರಬಹುದು, ರಾತ್ರಿ ನಿದ್ದೆ ಇಲ್ಲದೆ ಅತ್ತೆಯನ್ನು ನೋಡಿಕೊಳ್ಳುತ್ತಿರಬಹುದು. ಇಂಥ ಮಾತು ಕೇಳಿ ನೊಂದವರೇ ಮರುದಿನ ಊಟ ಬಿಟ್ಟು, ಮೊಬೈಲಿನಲ್ಲಿ ಬಂದ ಪೌಡರು ತರಿಸಿ ಕುಡಿದು, ಮತ್ತೆ ಸುಸ್ತಾಗಿ ಬೀಳುವುದು. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡುವುದು ಅಪಾಯ.

ತಿರುಗುಮುರುಗಾದ ಮನೆಗಳೂ ಉಂಟು. ಗಲ್ಫಿನಲ್ಲಿ ಹದಿನೈದು ವರ್ಷ ಕೌಂಟರಿನ ಹಿಂದೆ ಕೂತು ಊರಿಗೆ ಬಂದ ಗಂಡ, ಒಂದು ಪೊಟ್ಟಣ ಬಿಸ್ಕೆಟು ಖಾಲಿ ಮಾಡಿದರೂ ಕಡ್ಡಿಯಂತಿರುವ ಹೆಂಡತಿ. ಅಲ್ಲಿ ತಡೆಯುವ ಜವಾಬ್ದಾರಿ ಅವಳದ್ದು. ಮಾತು ಗಂಡ ಹೆಂಡತಿ ಎಂಬುದರ ಬಗ್ಗೆ ಅಲ್ಲ. ಯಾರಿಗೆ ಸುಲಭವೋ ಅವರು ಮೊದಲು ಭಾರ ಹೊರಬೇಕು ಎಂಬುದರ ಬಗ್ಗೆ. ತಿನ್ನದಿದ್ದರೂ ನಮಗೆ ನಷ್ಟವಿಲ್ಲ. ಎದುರಿಗಿಟ್ಟುಕೊಂಡು ತಿನ್ನದೇ ಇರುವುದು ಅವರಿಗೆ ಕಷ್ಟ.

ಹೊಟ್ಟೆಯ ಮೂರರಲ್ಲಿ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ ಬೋಧನೆಯನ್ನು ನಾವು ಪ್ರತೀ ವರ್ಷ ಮಕ್ಕಳಿಗೆ ಕಲಿಸುತ್ತೇವೆ, ಪರೀಕ್ಷೆಯಲ್ಲೂ ಕೇಳುತ್ತೇವೆ. ಅದರಲ್ಲಿ ದಪ್ಪಗಿನವರಿಗೆ ಎಂದು ಎಲ್ಲಿಯೂ ಇಲ್ಲ. ತೆಳ್ಳಗಿನ ಉಸ್ತಾದರಿಗೆ ರಿಯಾಯಿತಿಯೂ ಇಲ್ಲ. ಪಾಠ ಮಾಡುವವರಿಗೇ ಇದು ನಲುವತ್ತು ದಾಟಿದ ಮೇಲೆ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ಮೇಲೆ ಹೊಳೆಯಿತು.

ನಮ್ಮ ಮನೆಯ ಕಥೆ ಇನ್ನೂ ಮುಗಿದಿಲ್ಲ. ಐದು ತಿಂಗಳಲ್ಲಿ ಅವಳು ಮೂರು ಕಿಲೋ ಇಳಿದಿದ್ದಾಳೆ, ಇನ್ನೂ ಮೂರು ಉಂಟು. ನಮ್ಮ ಟೇಪು ಒಂದೂವರೆ ಸೆಂಟಿಮೀಟರ್ ಹಿಂದೆ ಬಂದಿದೆ. ಮುಂದಿನ ತಿಂಗಳು ಇಬ್ಬರೂ ಒಟ್ಟಿಗೆ ರಕ್ತ ಕೊಡುವುದೆಂದು ಮಾತಾಗಿದೆ. ಎಂತ ಬರ್ತದೋ ಗೊತ್ತಿಲ್ಲ. ಮಾಮಿಯ ಡಯಾಲಿಸಿಸ್‌ಗೆ ವಾರದಲ್ಲಿ ಒಂದು ದಿನ ಈಗ ನಾವೂ ಹೋಗುತ್ತೇವೆ. ಅಲ್ಲಿ ನಾಲ್ಕು ಗಂಟೆ ಆ ಬೆಂಚಿನಲ್ಲಿ ಕೂತ ಮೇಲೆ "ಒಂದು ತಿಂದರೆ ಎಂತ ಆಗ್ತದೆ" ಎಂಬ ಮಾತು ನಮ್ಮ ಬಾಯಿಂದ ಬಂದಿಲ್ಲ.

ಹಾಗಾಗಿ ನಮ್ಮ ಹಾಗೆ ತಿಂದದ್ದು ಮೈಗೆ ಹತ್ತದ ಸಹೋದರರಲ್ಲಿ ಒಂದೇ ವಿನಂತಿ. ಇವತ್ತು ಸಂಜೆ ಬೇಕರಿಯ ಎದುರು ನಿಂತಾಗ ಮನೆಗೊಂದು ಫೋನ್ ಮಾಡಿ. "ಎಂತ ತರ್ಬೇಕು?" ಎಂದು ಕೇಳಿ. "ಏನೂ ಬೇಡ" ಎಂದು ಅವಳು ಹೇಳಿದರೆ ಆ ಮಾತನ್ನು ನಂಬಿ, ಅಂಗಡಿಯವನಿಗೂ ಅದನ್ನೇ ಹೇಳಿ ಬನ್ನಿ.